ವಿರಹದ ಕವಿತೆ ಎತ್ತ ನೋಡುತ್ತದೆ?

ಬರೆಯಬೇಕೆಂಬ ಆಸೆ ಬಹಳ ಜನರಲ್ಲಿ ಮೊದಲು ತಲೆ ಎತ್ತುವುದು ಪ್ರೀತಿ ಮುರಿದಾಗ. ಪರೀಕ್ಷೆಯ ಉತ್ತರ ಪತ್ರಿಕೆ ಬಿಟ್ಟರೆ ಒಂದು ಪುಟವನ್ನೂ ಬರೆಯದವರು ಕೂಡ ರಾತ್ರೋರಾತ್ರಿ ನೋಟ್‌ಬುಕ್ ತೆರೆದು ಕೂರುತ್ತಾರೆ. ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ಮನುಷ್ಯನಿಗೆ ಮಾತು ಬೇಕೇ ಬೇಕು ಅನ್ನಿಸುವ ಗಳಿಗೆಗಳಲ್ಲಿ ಇದೂ ಒಂದು. ಆದರೆ ಹೀಗೆ ಹುಟ್ಟಿದ ಹತ್ತಿಪ್ಪತ್ತು ಕವಿತೆಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ನೊಂದವರು ಬೇರೆ, ಊರು ಬೇರೆ, ಅಗಲಿದ ಕಾರಣ ಬೇರೆ. ಕವಿತೆ ಮಾತ್ರ ಒಂದೇ. ಎಲ್ಲದರಲ್ಲೂ ಹೃದಯ ಚೂರಾಗುತ್ತದೆ, ಕಣ್ಣೀರು ಕಡಲಾಗುತ್ತದೆ, ಕತ್ತಲು ಕವಿಯುತ್ತದೆ, ನೆನಪು ಕಾಡುತ್ತದೆ. ಬರೆದವರಲ್ಲಿ ಯಾರೂ ಸುಳ್ಳು ಹೇಳಿಲ್ಲ. ಆದರೂ ಓದುವವರಿಗೆ ಯಾರ ಮುಖವೂ ಕಾಣುವುದಿಲ್ಲ. ಇದಕ್ಕೆ ಪ್ರತಿಭೆಯ ಕೊರತೆ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ನೋವಿನಲ್ಲಿರುವವರ ಕಣ್ಣು ತಮ್ಮ ಮೇಲೆಯೇ ನೆಟ್ಟಿರುವುದು ಸಹಜ, ಮತ್ತು ಒಳಗೆ ಇಣುಕಿ ನೋಡಿಕೊಂಡಾಗ ಎಲ್ಲರ ನೋವೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತದೆ. ಶತಮಾನಗಳನ್ನು ದಾಟಿ ಉಳಿದು ಬಂದಿರುವ ವಿರಹದ ಕವಿತೆಗಳನ್ನು ನೋಡಿ. ಅವುಗಳ ಕಣ್ಣು ಹೊರಗಿರುತ್ತದೆ: ದಾರಿಯ ಮೇಲೆ, ಮನೆಯ ಹೊಸ್ತಿಲ ಮೇಲೆ, ಒಂದು ಹೂವಿನ ಮೇಲೆ, ಎದುರಿಗಿರುವವರ ನೋಟದ ಮೇಲೆ. ಹೊಸದಾಗಿ ಬರೆಯುವವರು, ಅದು ಕವಿತೆಯಿರಲಿ ಕಥೆಯಿರಲಿ ಪ್ರಬಂಧವಿರಲಿ, ಈ ಕವಿತೆಗಳಿಂದ ಕಲಿಯಬಹುದಾದ ಮುಖ್ಯ ಕಸುಬು ಇದೇ ಎಂಬುದು ಈ ಲೇಖನದ ವಾದ.

ಈ ಮಾತು ನಮ್ಮ ಕಾವ್ಯಮೀಮಾಂಸೆಗೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರದ ಪ್ರಕಾರ ರಸ ಹುಟ್ಟುವುದು ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳ ಕೂಟದಿಂದ. ಭಾವಕ್ಕೆ ಕಾರಣವಾದ ವ್ಯಕ್ತಿ ಮತ್ತು ಸಂದರ್ಭ, ಅದರಿಂದ ಮೈಯಲ್ಲಿ ನಡೆಯಲ್ಲಿ ಕಾಣುವ ಗುರುತು, ಬಂದು ಹೋಗುವ ಸಣ್ಣ ಸಣ್ಣ ಭಾವಗಳು. ಕವಿ ಕೊಡಬೇಕಾದದ್ದು ಇಷ್ಟು. 9ನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಧ್ವನ್ಯಾಲೋಕದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಸವನ್ನು ಅದರ ಹೆಸರು ಹಿಡಿದು ಕೂಗಿದರೆ ಅದು ಹುಟ್ಟುವುದಿಲ್ಲ ಎಂದು ತೋರಿಸಿದ. ಭಾವದ ಹೆಸರನ್ನೇ ಹೇಳಿಬಿಡುವುದನ್ನು ಮುಂದಿನ ಆಲಂಕಾರಿಕರು ದೋಷಗಳ ಪಟ್ಟಿಗೆ ಸೇರಿಸಿದರು. ದುಃಖ ಎಂದು ಹತ್ತು ಸಲ ಬರೆದರೂ ಓದುವವರಿಗೆ ದುಃಖವಾಗುವುದಿಲ್ಲ ಎಂಬುದು ಅನುಭವದ ಮಾತು. ಶಾಸ್ತ್ರ ಅದಕ್ಕೆ ಕಾರಣ ಕೊಟ್ಟಿತು. ಈ ಶಾಸ್ತ್ರವನ್ನು ಸಂಸ್ಕೃತ ಬಾರದೆಯೂ ಕನ್ನಡದಲ್ಲಿ ಓದಿಕೊಳ್ಳಬಹುದು. ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಿಂದ ನಮ್ಮ ಕೈಯಲ್ಲಿದೆ, ಮತ್ತು ಬರೆಯುವವರಿಗೆ ಇದಕ್ಕಿಂತ ಉಪಯುಕ್ತವಾದ ಕನ್ನಡ ಪುಸ್ತಕಗಳು ಹೆಚ್ಚಿಲ್ಲ. ಆದರೆ ಶಾಸ್ತ್ರದಿಂದ ಶುರು ಮಾಡುವುದಕ್ಕಿಂತ ಕಾವ್ಯದಿಂದ ಶುರು ಮಾಡುವುದು ಒಳ್ಳೆಯದು. ಕಾವ್ಯದಲ್ಲಿ ಕೆಲಸ ಹೇಗೆ ನಡೆದಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಕಾಳಿದಾಸನ ಮೇಘದೂತವನ್ನೇ ತೆಗೆದುಕೊಳ್ಳಿ. ಒಡೆಯನ ಶಾಪಕ್ಕೆ ಸಿಕ್ಕಿ ಒಂದು ವರ್ಷ ಹೆಂಡತಿಯಿಂದ ದೂರವಾದ ಯಕ್ಷ ರಾಮಗಿರಿಯಲ್ಲಿದ್ದಾನೆ. ಅವಳು ಹಿಮಾಲಯದ ಅಲಕೆಯಲ್ಲಿ. ಆಷಾಢದ ಮೋಡವೊಂದನ್ನು ಕಂಡು ಅದರ ಕೈಯಲ್ಲಿ ಸಂದೇಶ ಕಳಿಸುತ್ತಾನೆ. ಇಷ್ಟೇ ಕಥೆ. ವಿರಹದ ಕಾವ್ಯಗಳಲ್ಲೇ ಅತ್ಯಂತ ಪ್ರಸಿದ್ಧವಾದ ಇದರ ಮೊದಲ ಅರ್ಧದಲ್ಲಿ ವಿರಹಿಯ ಅಳಲು ಎಷ್ಟಿದೆ ಎಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಪೂರ್ವಮೇಘದ ತುಂಬ ಇರುವುದು ದಾರಿ. ಯಾವ ಬೆಟ್ಟದ ಮೇಲೆ ಇಳಿದು ದಣಿವಾರಿಸಿಕೊಳ್ಳಬೇಕು, ವಿಂಧ್ಯದ ಬಂಡೆಗಳ ನಡುವೆ ನರ್ಮದೆ ಹೇಗೆ ಹರಡಿ ಹರಿಯುತ್ತಾಳೆ, ವಿದಿಶೆಯಲ್ಲಿ ಏನಿದೆ, ದಾರಿ ಸುತ್ತಾದರೂ ಉಜ್ಜಯಿನಿಯನ್ನು ಯಾಕೆ ಬಿಡಬಾರದು, ಅಲ್ಲಿ ಮಹಾಕಾಲನ ಸಂಜೆಯ ಪೂಜೆಯ ಹೊತ್ತಿಗೆ ಹೇಗೆ ಗುಡುಗಬೇಕು. ಯಕ್ಷ ತನ್ನ ಕಷ್ಟವನ್ನು ವಿವರಿಸುತ್ತ ಕೂತಿಲ್ಲ. ಆದರೆ ಇಷ್ಟು ಕಾಳಜಿಯಿಂದ ದಾರಿ ಹೇಳುವವನ ಆತುರ ಎಂಥದ್ದೆಂದು ನಮಗೇ ತಿಳಿಯುತ್ತದೆ. ಒಂದೊಂದು ಊರಿನ ವರ್ಣನೆಯೂ ಅವನಿಗೂ ಅವಳಿಗೂ ನಡುವಿನ ದೂರವನ್ನು ಅಳೆದು ತೋರಿಸುತ್ತದೆ. ಸಾಲಿಗೆ 17 ಅಕ್ಷರಗಳ ಮಂದಾಕ್ರಾಂತ ವೃತ್ತ, ಮೊದಲು ನಾಲ್ಕು ಗುರುಗಳ ಮೇಲೆ ತಡೆತಡೆದು ಕಾಲಿಟ್ಟು, ಆಮೇಲೆ ಲಘುಗಳ ಮೇಲೆ ಹಗುರವಾಗಿ ಓಡಿ, ಮತ್ತೆ ತೂಗಾಡುತ್ತ ನಿಲ್ಲುತ್ತದೆ; ಆ ನಡಿಗೆಯಲ್ಲೇ ಕಾಯುವವನ ಮನಸ್ಸಿದೆ.

ಉತ್ತರಮೇಘದಲ್ಲಿ ಅಲಕೆಯ ಮನೆ ಬರುತ್ತದೆ. ಇಲ್ಲಿಯಾದರೂ ಯಕ್ಷ ತನ್ನ ಕಥೆಯನ್ನೇ ಹಿಡಿದು ಕೂರಬಹುದಿತ್ತು. ಅವನು ಮೊದಲು ಹೇಳುವುದು ಮನೆಯ ಗುರುತು: ಅಂಗಳದಲ್ಲಿ ಹೆಂಡತಿ ಮಗುವಿನಂತೆ ಸಾಕಿದ ಮಂದಾರದ ಗಿಡ, ಮೆಟ್ಟಿಲಿರುವ ಕೊಳ, ನವಿಲು ಬಂದು ಕೂರುವ ಕಂಬ. ಆಮೇಲೆ ಅವಳ ದಿನಚರಿ. ಅವಳು ಉಳಿದ ತಿಂಗಳುಗಳನ್ನು ಹೊಸ್ತಿಲ ಬಳಿ ಹೂವಿಟ್ಟು ಎಣಿಸುತ್ತಿರಬಹುದು. ಗಂಡನ ಹೆಸರು ಬರುವ ಹಾಡನ್ನು ಹಾಡಲೆಂದು ವೀಣೆಯನ್ನು ಮಡಿಲಿಗೆ ಎತ್ತಿಕೊಂಡು, ಕಣ್ಣೀರಿಗೆ ನೆನೆದ ತಂತಿಯನ್ನು ಹೇಗೋ ಒರೆಸಿ, ತಾನೇ ಕಟ್ಟಿದ ಸ್ವರಗತಿಯನ್ನು ಮತ್ತೆ ಮತ್ತೆ ಮರೆಯುತ್ತಿರಬಹುದು. ಈ ಕೊನೆಯ ವಿವರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಕಣ್ಣೀರು ಇಲ್ಲೂ ಇದೆ, ನಮ್ಮ ಹೊಸಬರ ಕವಿತೆಗಳಲ್ಲೂ ಇದೆ. ವ್ಯತ್ಯಾಸವೆಂದರೆ ಇಲ್ಲಿ ಕಣ್ಣೀರು ಒಂದು ತಂತಿಯ ಮೇಲೆ ಬೀಳುತ್ತದೆ, ತಂತಿ ಒದ್ದೆಯಾದರೆ ಸ್ವರ ಹೊರಡದು, ಹಾಗಾಗಿ ಒರೆಸಬೇಕು, ಒರೆಸುವಷ್ಟರಲ್ಲಿ ಹಾಡು ಮರೆತುಹೋಗುತ್ತದೆ. ಒಂದು ಕೆಲಸ ಕೆಡುತ್ತಿದೆ. ದುಃಖ ಎಂದರೇನೆಂದು ಕವಿ ಹೇಳಲಿಲ್ಲ; ದುಃಖವಿದ್ದಾಗ ಕೈಗೆ ಯಾವ ಕೆಲಸ ಒದಗುವುದಿಲ್ಲ ಎಂದು ತೋರಿಸಿದ. ಇನ್ನೂ ದೊಡ್ಡ ಮಾತೆಂದರೆ, ಯಕ್ಷ ಇದನ್ನು ಕಣ್ಣಾರೆ ಕಂಡಿಲ್ಲ. ಊಹಿಸುತ್ತಿದ್ದಾನೆ. ತಾನು ನೋಯುತ್ತಿರುವಾಗ ಅವಳ ದಿನ ಹೇಗೆ ಕಳೆಯುತ್ತಿರಬಹುದು ಎಂದು ಇಷ್ಟು ಸೂಕ್ಷ್ಮವಾಗಿ ಯೋಚಿಸಬಲ್ಲ ಎಂಬುದೇ ಅವನ ಪ್ರೀತಿಗೆ ಸಾಕ್ಷಿ.

ಇದನ್ನು ಅಭ್ಯಾಸಕ್ಕೆ ಇಳಿಸುವುದು ಕಷ್ಟವೇನಲ್ಲ. ನಿಮ್ಮ ಕರಡನ್ನು ತೆಗೆದುಕೊಂಡು ನೋವು, ಕಣ್ಣೀರು, ಹೃದಯ, ಒಂಟಿತನ, ನೆನಪು ಎಂಬ ಪದಗಳಿರುವ ಸಾಲುಗಳನ್ನೆಲ್ಲ ಒಮ್ಮೆ ಹೊಡೆದುಹಾಕಿ. ಏನು ಉಳಿಯುತ್ತದೆ ನೋಡಿ. ಏನೂ ಉಳಿಯದಿದ್ದರೆ ಗಾಬರಿ ಬೇಡ. ಬರೆಯಬೇಕಾದದ್ದು ಇನ್ನೂ ಬರೆದಾಗಿಲ್ಲ ಎಂದಷ್ಟೇ ಅರ್ಥ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ: ಈ ಅಗಲಿಕೆಯಿಂದ ಯಾವ ಕೆಲಸ ಕೆಟ್ಟಿತು? ಯಾವ ಅಭ್ಯಾಸ ಅರ್ಥವಿಲ್ಲದೆ ಉಳಿದುಕೊಂಡಿತು? ಜೊತೆಗಿದ್ದವಳಿಗೆ ಕಿಟಕಿಯ ಸೀಟು ಇಷ್ಟವೆಂದು ಪ್ರತಿಸಲ ಬಿಟ್ಟುಕೊಡುತ್ತಿದ್ದವನು, ಅವಳು ಹೋದ ಮೇಲೂ ಖಾಲಿ ಬಸ್ಸಿನಲ್ಲಿ ಅಂಚಿನ ಸೀಟಿಗೇ ಹೋಗಿ ಕೂರುತ್ತಾನೆ. ಕಂಡಕ್ಟರು ಒಳಗೆ ಸರಿಯಿರಿ ಅನ್ನುತ್ತಾರೆ. ಇಂಥದ್ದೊಂದು ಸಿಕ್ಕರೆ ‘ನೀನಿಲ್ಲದ ಬಾಳು ಬರಿದು’ ಎಂಬ ಸಾಲು ಬೇಕಾಗುವುದೇ ಇಲ್ಲ. ಇಂಥ ವಿವರಗಳು ಕಲ್ಪನೆಯಿಂದ ಬರುವುದಕ್ಕಿಂತ ಹೆಚ್ಚಾಗಿ ಗಮನದಿಂದ ಬರುತ್ತವೆ. ಬಿಡುವಿದ್ದಾಗ ಒಂದು ಹಾಳೆಯಲ್ಲಿ ಬರೀ ಸಂಗತಿಗಳನ್ನು ಬರೆದಿಡಿ: ಜಾಗ, ಹೊತ್ತು, ವಸ್ತು, ಆಡಿದ ಮಾತು. ಆ ಹಾಳೆಯೇ ಮುಂದೆ ಬಂಡವಾಳ.

ಪ್ರೀತಿ ಮುರಿಯುವುದರಲ್ಲಿ ದ್ರೋಹದ ಪಾಲೂ ಇರುತ್ತದೆ, ಮತ್ತು ದ್ರೋಹವನ್ನು ಬರೆಯುವುದು ವಿರಹವನ್ನು ಬರೆಯುವುದಕ್ಕಿಂತ ಕಷ್ಟ. ಕೋಪ ಬಲುಬೇಗ ಬೈಗುಳವಾಗುತ್ತದೆ. ಇಲ್ಲಿ ಕನ್ನಡದ ಜನ್ನನಿಗಿಂತ ದೊಡ್ಡ ಗುರು ಸಿಗುವುದಿಲ್ಲ. 1209ರಲ್ಲಿ ಮುಗಿದ ಯಶೋಧರ ಚರಿತೆಯಲ್ಲಿ ರಾಣಿ ಅಮೃತಮತಿ ರಾತ್ರಿ ಕೇಳಿಬಂದ ಹಾಡಿಗೆ ಮನಸೋತು, ಹಾಡಿದ ಕುರೂಪಿ ಮಾವುತನ ಬಳಿ ಹೋಗತೊಡಗುತ್ತಾಳೆ. ಅನುಮಾನ ಬಂದ ದೊರೆ ಯಶೋಧರ ಒಂದು ರಾತ್ರಿ ಹಿಂಬಾಲಿಸಿ ಹೋಗಿ ನೋಡುತ್ತಾನೆ. ತಡವಾಗಿ ಬಂದಳೆಂದು ಮಾವುತ ಅವಳನ್ನು ಹಿಡಿದು ಬಡಿಯುತ್ತಾನೆ. ಅವಳು ಏಟು ತಿಂದೂ ಅವನನ್ನೇ ಓಲೈಸುತ್ತಾಳೆ. ದೊರೆಯ ಕೈ ಕತ್ತಿಯ ಕಡೆ ಹೋಗುತ್ತದೆ, ತಡೆದುಕೊಳ್ಳುತ್ತಾನೆ, ಹಿಂದಿರುಗಿ ಮಲಗುತ್ತಾನೆ. ಮುಂದೆ ಸರಸದ ನೆವದಲ್ಲಿ ಅವನು ಒಂದು ನೈದಿಲೆಯಿಂದ ಅವಳನ್ನು ಹೊಡೆಯುತ್ತಾನೆ. ಆ ಹೂವಿನ ಪೆಟ್ಟಿಗೆ ಅವಳು ಮೂರ್ಛೆ ಹೋದಂತೆ ಬೀಳುತ್ತಾಳೆ. ಮಾವುತನ ಹೊಡೆತ ಮತ್ತು ಹೂವಿನ ಹೊಡೆತ, ಎರಡನ್ನೂ ಕಂಡವನು ಅವನೊಬ್ಬನೇ, ಓದುಗರನ್ನು ಬಿಟ್ಟರೆ. ಅವನ ಎದೆಯಲ್ಲಿ ಏನಾಯಿತೆಂದು ಜನ್ನ ಪುಟಗಟ್ಟಲೆ ಬರೆಯಬೇಕಾಗಲಿಲ್ಲ. ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟ, ಅಷ್ಟೇ. ಅದೂ ಬಹುಪಾಲು ನಾಲ್ಕೇ ಸಾಲಿನ ಕಂದಪದ್ಯಗಳಲ್ಲಿ. ಗಮನಿಸಬೇಕಾದ ಇನ್ನೊಂದು ಮಾತೆಂದರೆ, ಕಥೆಯ ಧಾರ್ಮಿಕ ಚೌಕಟ್ಟು ಅವಳನ್ನು ತಪ್ಪಿತಸ್ಥೆ ಎಂದರೂ, ಆ ಹಾಡಿಗೆ ಅವಳು ಸೋಲುವ ಭಾಗವನ್ನು ಜನ್ನ ಅವಳ ಒಳಗೆ ನಿಂತು ಬರೆದಿದ್ದಾನೆ. ಆದ್ದರಿಂದಲೇ ಏಳೂವರೆ ಶತಮಾನಕ್ಕೂ ಹೆಚ್ಚು ಕಾಲದ ನಂತರ ಗಿರೀಶ ಕಾರ್ನಾಡರಿಗೆ ಅದೇ ಕಥೆಯಲ್ಲಿ ‘ಹಿಟ್ಟಿನ ಹುಂಜ’ ಬರೆಯುವಷ್ಟು ಜಾಗ ಉಳಿದಿತ್ತು. ದ್ರೋಹ ಮಾಡಿದವರನ್ನು ಬರೀ ಕೆಟ್ಟವರೆಂದು ಬರೆದಿದ್ದರೆ ಕಥೆ ಅಂದೇ ಮುಗಿದುಹೋಗುತ್ತಿತ್ತು.

ಇದರಿಂದ ಹುಟ್ಟುವ ಅಭ್ಯಾಸ ಸ್ವಲ್ಪ ಕಠಿಣ: ನಿಮ್ಮನ್ನು ಬಿಟ್ಟುಹೋದವರ ಬಾಯಿಂದ ಅದೇ ಘಟನೆಯನ್ನು ಒಂದು ಪುಟ ಬರೆಯಿರಿ. ಅವರ ಮಾತನ್ನು ಅಣಕಿಸಬೇಡಿ. ಅವರ ಕಾರಣಗಳಿಗೆ ಅವರು ಕೊಡುತ್ತಿದ್ದಷ್ಟೇ ತೂಕ ಕೊಡಿ. ಈ ಪುಟವನ್ನು ಯಾರಿಗೂ ತೋರಿಸಬೇಕಾಗಿಲ್ಲ. ಆದರೆ ಅದನ್ನು ಬರೆದ ಮೇಲೆ ನಿಮ್ಮ ಮೂಲ ಕವಿತೆಗೆ ಹಿಂದಿರುಗಿದರೆ ಅಲ್ಲಿನ ಒಂದೆರಡು ಸಾಲುಗಳಾದರೂ ಸುಳ್ಳೆಂದು ನಿಮಗೇ ಅನ್ನಿಸುತ್ತದೆ. ಇಂಗ್ಲೆಂಡಿನ ಥಾಮಸ್ ಹಾರ್ಡಿಯ ಉದಾಹರಣೆ ಇಲ್ಲಿ ಒದಗುತ್ತದೆ. ಅವನ ಹೆಂಡತಿ ಎಮ್ಮಾ 1912ರ ನವೆಂಬರಿನಲ್ಲಿ ತೀರಿಕೊಂಡಳು. ಅದಕ್ಕೂ ಬಹಳ ವರ್ಷ ಮೊದಲೇ ಒಂದೇ ಮನೆಯಲ್ಲಿದ್ದೂ ಇಬ್ಬರೂ ದೂರವಾಗಿದ್ದರು. ಅವಳು ಸತ್ತ ಮೇಲೆ ಅವನು ತಾವಿಬ್ಬರೂ ಮೊದಲು ಭೇಟಿಯಾಗಿದ್ದ ಕಾರ್ನ್‌ವಾಲ್‌ಗೆ ಹೋಗಿ ಬಂದ. ಆ ಕಾಲದಲ್ಲಿ ಹುಟ್ಟಿದ ಕವಿತೆಗಳ ಗುಚ್ಛ 1914ರ ಸಂಕಲನದಲ್ಲಿ ಪ್ರಕಟವಾಯಿತು. ಅವುಗಳಿಗೆ ಬಲ ಬಂದಿರುವುದು ಬರೀ ಶೋಕದಿಂದಲ್ಲ, ತನ್ನ ಪಾಲಿನ ತಪ್ಪನ್ನು ಕವಿ ನೋಡಲು ಒಪ್ಪಿದ್ದರಿಂದ. ಬದುಕಿದ್ದಾಗ ಕೊಡದ ಗಮನವನ್ನು ಅವನು ಸತ್ತವಳಿಗೆ ಕೊಡುತ್ತಿದ್ದಾನೆ, ಅದು ಅವನಿಗೂ ಗೊತ್ತು.

ಈಗ ಒಂದು ಆಕ್ಷೇಪಕ್ಕೆ ಬರೋಣ. ಹೊಸಬರು ಇದನ್ನು ಎತ್ತಿಯೇ ಎತ್ತುತ್ತಾರೆ, ಎತ್ತುವುದು ನ್ಯಾಯವೂ ಹೌದು. ನೋವನ್ನು ಹೀಗೆ ವಿವರ, ದೃಶ್ಯ, ಛಂದಸ್ಸು ಎಂದು ಜೋಡಿಸುತ್ತ ಕೂತರೆ ಅದು ಕೃತಕವಾಗುವುದಿಲ್ಲವೇ? ಮನಸ್ಸಿಗೆ ಬಂದದ್ದನ್ನು ಬಂದ ಹಾಗೆ ಬರೆಯುವುದೇ ಪ್ರಾಮಾಣಿಕತೆಯಲ್ಲವೇ? ಆದಿಕವಿಯ ಕಥೆಯನ್ನೇ ಇದಕ್ಕೆ ಆಧಾರವಾಗಿ ಕೊಡುವವರಿದ್ದಾರೆ: ಜೋಡಿ ಕ್ರೌಂಚಗಳಲ್ಲಿ ಒಂದನ್ನು ಬೇಡ ಕೊಂದಾಗ ವಾಲ್ಮೀಕಿಯ ಶೋಕವೇ ಕಾವ್ಯವಾಗಿ ಹರಿಯಿತು, ಅವನು ತಿದ್ದುತ್ತ ಕೂರಲಿಲ್ಲ ಎಂದು. ಆನಂದವರ್ಧನನ ಗ್ರಂಥಕ್ಕೆ ‘ಲೋಚನ’ ಎಂಬ ವ್ಯಾಖ್ಯಾನ ಬರೆದ ಅಭಿನವಗುಪ್ತ ಸರಿಯಾಗಿ ಈ ಜಾಗದಲ್ಲೇ ಓದುಗರನ್ನು ತಡೆಯುತ್ತಾನೆ. ಇದನ್ನು ಮುನಿಯ ಸ್ವಂತ ದುಃಖವೆಂದು ತಿಳಿಯಬೇಡಿ, ದುಃಖದಲ್ಲಿ ಬೇಯುತ್ತಿರುವವನಿಂದ ಕಾವ್ಯ ಹೊರಡದು ಎಂಬುದು ಅವನ ನಿಲುವು. ಮುನಿ ಅಲ್ಲಿ ನೋಡುವವನು. ಉಳಿದ ಹಕ್ಕಿಯ ಕೂಗನ್ನು ಕೇಳಿದ, ಅದರ ಅಳಲಿಗೆ ಅವನ ಮನಸ್ಸು ಮಿಡಿಯಿತು, ತುಂಬಿದ ಮೇಲೆ ಹೊರಚೆಲ್ಲಿತು. ಅಂದರೆ ನಮ್ಮ ಪರಂಪರೆಯ ಮೊದಲ ವಿರಹದ ಮಾತಿನಲ್ಲೇ ಕವಿಯ ಕಣ್ಣು ತನ್ನ ಮೇಲಿರಲಿಲ್ಲ.

ಬಂದ ಹಾಗೆ ಬರೆದದ್ದು ಪ್ರಾಮಾಣಿಕ ಎಂಬ ನಂಬಿಕೆಯಲ್ಲಿ ಇನ್ನೊಂದು ತೊಡಕೂ ಇದೆ. ನಮಗೆ ಮೊದಲು ಬರುವುದು ನಮ್ಮ ಮಾತಲ್ಲ. ಸಿನಿಮಾ ಹಾಡುಗಳಿಂದ, ಭಾವಗೀತೆಯ ಕ್ಯಾಸೆಟ್ಟುಗಳಿಂದ, ಮೊಬೈಲಿನಲ್ಲಿ ಓಡಾಡುವ ಸ್ಟೇಟಸ್‌ಗಳಿಂದ ಕಿವಿಗೆ ಬಿದ್ದು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿ ಕೂತ ಮಾತು. ಅದನ್ನು ದಾಟಿ ನಮ್ಮದೇ ಆದದ್ದಕ್ಕೆ ತಲುಪಲು ಹಲವು ಕರಡುಗಳು ಬೇಕು. ಅಮೆರಿಕದ ಎಲಿಜಬೆತ್ ಬಿಷಪ್ 1976ರಲ್ಲಿ ಪ್ರಕಟಿಸಿದ ‘ಒನ್ ಆರ್ಟ್’ ಎಂಬ ಕವಿತೆಯ 17 ಕರಡುಗಳು ವಾಸರ್ ಕಾಲೇಜಿನ ಸಂಗ್ರಹದಲ್ಲಿ ಉಳಿದಿವೆ. ಮೊದಲನೆಯದು ಗದ್ಯದ ಹಾಗೆ ಹರಡಿಕೊಂಡ ಟಿಪ್ಪಣಿ, ಕಳೆದುಹೋದವುಗಳ ಒಂದು ಪಟ್ಟಿ. ಕೊನೆಯದು ವಿಲನೆಲ್ ಎಂಬ ಬಿಗಿಯಾದ ಬಂಧ: 19 ಸಾಲು, ಎರಡು ಸಾಲುಗಳು ಸುತ್ತಿ ಸುತ್ತಿ ಬರಬೇಕು. ಬಾಗಿಲ ಕೀಲಿಯಿಂದ ಶುರುವಾಗಿ, ತಾಯಿಯ ಗಡಿಯಾರ, ಮನೆಗಳು, ಊರುಗಳು, ಒಂದು ಖಂಡವನ್ನೇ ಕಳೆದುಕೊಂಡ ಮೇಲೆ ಕಟ್ಟಕಡೆಗೆ ಪ್ರೀತಿಸಿದ ವ್ಯಕ್ತಿ ಬರುತ್ತಾರೆ. ಕಳೆದುಕೊಳ್ಳುವುದೇನೂ ಕಷ್ಟವಲ್ಲ ಎಂದು ಸಾಧಿಸುತ್ತ ಬಂದ ದನಿ ಅಲ್ಲಿ ತಡವರಿಸುತ್ತದೆ, ಆವರಣದೊಳಗೆ ತನಗೆ ತಾನೇ ಬರೆ ಎಂದು ಆಜ್ಞೆ ಮಾಡಿಕೊಳ್ಳಬೇಕಾಗುತ್ತದೆ. ಆ ತಡವರಿಕೆ ನಿಜವೆನ್ನಿಸುವುದು ಅದರ ಸುತ್ತ ಅಷ್ಟು ಬಿಗಿಯಾದ ಕಟ್ಟು ಇರುವುದರಿಂದ. ನಮ್ಮಲ್ಲಿ ವಿಲನೆಲ್ ಬೇಕಾಗಿಲ್ಲ. ತ್ರಿಪದಿಯಿದೆ, ಚೌಪದಿಯಿದೆ, 14 ಸಾಲಿನ ಸುನೀತವಿದೆ. ಸಡಿಲವಾಗಿ ಬರೆದ ಕರಡನ್ನು ಒಮ್ಮೆ ಇವುಗಳಲ್ಲಿ ಒಂದಕ್ಕೆ ಒಗ್ಗಿಸಲು ಪ್ರಯತ್ನಿಸಿ. ಕೊನೆಗೆ ಆ ಬಂಧವನ್ನು ಬಿಟ್ಟರೂ ಚಿಂತೆಯಿಲ್ಲ. ಜಾಗ ಸಾಲದೆ ಯಾವ ಮಾತುಗಳನ್ನು ಬಿಡಬೇಕಾಯಿತು, ಯಾವುದನ್ನು ಬಿಡಲು ಮನಸ್ಸು ಒಪ್ಪಲಿಲ್ಲ ಎಂಬುದು ಅಷ್ಟರಲ್ಲಿ ಗೊತ್ತಾಗಿರುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಅಕ್ಕಮಹಾದೇವಿ ನೇರವಾಗಿ ಕೂಗಲಿಲ್ಲವೇ? 12ನೇ ಶತಮಾನದ ಆ ವಚನಗಳಲ್ಲಿ ಹಂಬಲವನ್ನು ಮುಚ್ಚಿಡುವ ಪ್ರಯತ್ನವೇ ಇಲ್ಲ, ಉರಿಯನ್ನು ಉರಿ ಎಂದೇ ಹೇಳುವ ಧೈರ್ಯವಿದೆ. ಹಾಗಿದ್ದರೆ ಮೇಲಿನ ವಾದ ಎಲ್ಲಿ ನಿಲ್ಲುತ್ತದೆ? ಇದಕ್ಕೆ ಉತ್ತರ ಅಕ್ಕನ ವಚನಗಳಲ್ಲೇ ಇದೆ. ಅವಳ ಮಾತಿಗೆ ಯಾವಾಗಲೂ ಒಬ್ಬ ಕೇಳುಗ ಇರುತ್ತಾನೆ. ಚೆನ್ನಮಲ್ಲಿಕಾರ್ಜುನ ಎಂಬ ಅಂಕಿತ ಬರೀ ಸಹಿಯಲ್ಲ, ಮಾತು ಯಾರ ಕಿವಿಗೆ ಬೀಳಬೇಕೆಂಬ ನಿಶ್ಚಯ. ಅವನು ಕಾಣದಾದಾಗ ಅವಳು ಗಿಳಿಯನ್ನು, ಕೋಗಿಲೆಯನ್ನು, ದುಂಬಿಯನ್ನು, ಹಂಸೆಯನ್ನು, ನವಿಲನ್ನು ಹೆಸರು ಹಿಡಿದು ನಿಲ್ಲಿಸಿ ಕೇಳುತ್ತಾಳೆ. ಅಲ್ಲಿಯೂ ಕಣ್ಣು ಹೊರಗೇ ಇದೆ. ಕೂಗು ನೇರವಾಗಿರಬಹುದು, ಆದರೆ ಅದು ಗಾಳಿಗೆ ಎಸೆದ ಕೂಗಲ್ಲ. ಹೊಸಬರ ಕವಿತೆಗಳಲ್ಲಿ ಬಹುಪಾಲು ಸೋಲುವುದು ಇಲ್ಲಿಯೇ: ‘ನೀನು’ ಎಂದು ಶುರುವಾದ ಮಾತು ನಾಲ್ಕನೇ ಸಾಲಿಗೆ ಓದುಗರ ಕಡೆ ತಿರುಗಿ, ಎಂಟನೇ ಸಾಲಿಗೆ ಕನ್ನಡಿಯ ಕಡೆ ತಿರುಗಿರುತ್ತದೆ. ಬೇಂದ್ರೆಯವರು ಮಗುವಿನ ಸಾವಿನ ಸಂಕಟದಲ್ಲಿ ಧಾರವಾಡದ ಆಡುಮಾತಿನಲ್ಲಿ ಬರೆದ ಹಾಡು ಕನ್ನಡಿಗರಿಗೆಲ್ಲ ಗೊತ್ತು. ಅಲ್ಲಿ ಗಂಡ ಹೆಂಡತಿಯೊಡನೆ ಮಾತಾಡುತ್ತಾನೆ, ಅವಳ ನೋಟದ ಬಗ್ಗೆ ಮಾತಾಡುತ್ತಾನೆ, ಕಡೆಯವರೆಗೂ ಮಾತನ್ನು ಅವಳಿಂದ ಬೇರೆಡೆಗೆ ತಿರುಗಿಸುವುದಿಲ್ಲ. ಅವನ ದುಃಖ ಎಷ್ಟೆಂದು ನಮಗೆ ತಿಳಿಯುವುದು ಅವಳ ಕಣ್ಣನ್ನು ಅವನು ಎದುರಿಸಲಾರದ್ದರಿಂದ. ಬರೆಯಲು ಕೂರುವ ಮೊದಲು ಮಾತು ಯಾರಿಗೆ, ಯಾವ ಹೊತ್ತಿನಲ್ಲಿ, ಯಾವುದನ್ನು ನೋಡುತ್ತ ಎಂಬ ಮೂರನ್ನು ಗೊತ್ತು ಮಾಡಿಕೊಂಡರೆ ಎಷ್ಟೋ ಅನಗತ್ಯ ಸಾಲುಗಳು ತಾವಾಗಿಯೇ ಉದುರುತ್ತವೆ.

ಈ ಮೂರನ್ನು ಒಂದು ಶಾಸ್ತ್ರವನ್ನಾಗಿಯೇ ಕಟ್ಟಿದವರು ಪ್ರಾಚೀನ ತಮಿಳು ಕವಿಗಳು. ಸಂಗಂ ಕಾವ್ಯದ ಅಗಂ ಕವಿತೆಗಳಲ್ಲಿ ಪ್ರೀತಿಯ ಒಂದೊಂದು ಸ್ಥಿತಿಗೂ ಒಂದೊಂದು ನೆಲವಿದೆ, ಹೊತ್ತಿದೆ, ಋತುವಿದೆ. ಕುರಿಂಜಿಯ ಬೆಟ್ಟದಲ್ಲಿ ಮಿಲನ, ಮುಲ್ಲೈ ಕಾಡಿನ ಸಂಜೆಯಲ್ಲಿ ಕಾಯುವಿಕೆ, ಮರುದಂ ಗದ್ದೆಬಯಲಲ್ಲಿ ಮೋಸ ಮತ್ತು ಮುನಿಸು, ನೆಯ್ದಲ್ ಕಡಲತೀರದಲ್ಲಿ ಹಂಬಲ, ಪಾಲೈಯ ಬೆಂದ ನೆಲದ ನಡುಹಗಲಲ್ಲಿ ಅಗಲಿಕೆ. ಹಾಗಾಗಿ ಒಣಗಿದ ದಾರಿಯನ್ನು ಹೆಸರಿಸಿದರೆ ಸಾಕು, ಯಾರೋ ಯಾರನ್ನೋ ಬಿಟ್ಟು ಹೊರಟಿದ್ದಾರೆಂದು ಓದುಗರಿಗೆ ತಿಳಿಯುತ್ತದೆ. ಮೈಸೂರಿನಲ್ಲಿ ಹುಟ್ಟಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದ ಎ.ಕೆ. ರಾಮಾನುಜನ್ 1967ರಲ್ಲಿ ಕುರುಂದೊಗೈಯ ಆಯ್ದ ಕವಿತೆಗಳನ್ನು ಇಂಗ್ಲಿಷಿಗೆ ತಂದು ಜಗತ್ತಿನ ಓದುಗರ ಮುಂದಿಟ್ಟರು. ಕುರುಂದೊಗೈಯ ಕವಿತೆಗಳು ನಾಲ್ಕರಿಂದ ಎಂಟು ಸಾಲಿನವು. ಅವುಗಳನ್ನು ಬರೆದ ಕೆಲವರ ನಿಜ ಹೆಸರೇ ನಮಗೆ ಉಳಿದಿಲ್ಲ. ಕೆಂಪು ನೆಲಕ್ಕೆ ಬಿದ್ದ ಮಳೆನೀರಿನ ಚಿತ್ರ ಕೊಟ್ಟ ಕವಿಯನ್ನು ಆ ಚಿತ್ರದ ಹೆಸರಿನಿಂದಲೇ ಕರೆಯುತ್ತಾರೆ. ಅಗಂ ಕವಿತೆಗಳ ಇನ್ನೊಂದು ಕಟ್ಟಳೆಯನ್ನು ಇಂದಿನ ಬರಹಗಾರರು ವಿಶೇಷವಾಗಿ ನೆನಪಿಡಬೇಕು. ಅಲ್ಲಿ ಪ್ರೇಮಿಗಳಿಗೆ ಹೆಸರಿಡುವಂತಿಲ್ಲ. ಅವನು, ಅವಳು, ಗೆಳತಿ, ತಾಯಿ, ಅಷ್ಟೇ. ನಿಮ್ಮ ಜೀವನದಲ್ಲಿದ್ದ ವ್ಯಕ್ತಿಯ ಹೆಸರು, ಊರು, ಕೆಲಸ, ಅವರು ನಂಬಿ ಕಳಿಸಿದ ಮೆಸೇಜು, ಇವನ್ನೆಲ್ಲ ಕವಿತೆಗೆ ಹಾಕಿ ಪ್ರಕಟಿಸುವುದು ಅನ್ಯಾಯ, ಏಕೆಂದರೆ ಅವರಿಗೆ ಉತ್ತರ ಕೊಡಲು ಅಲ್ಲಿ ಜಾಗವಿಲ್ಲ. ಬರವಣಿಗೆಯ ದೃಷ್ಟಿಯಿಂದಲೂ ಅದು ನಷ್ಟ. ಹೆಸರು ಹೋದರೆ ಆ ಜಾಗವನ್ನು ನೋಡಿದ, ಕೇಳಿದ, ಮುಟ್ಟಿದ ವಿವರದಿಂದ ತುಂಬಬೇಕಾಗುತ್ತದೆ. ಕವಿತೆಗೆ ಬೇಕಾದದ್ದು ಅದೇ.

ಪ್ರೀತಿಯಲ್ಲಿ ಸೋಲದವರು ಇದನ್ನೆಲ್ಲ ಬರೆಯಬಹುದೇ ಎಂಬ ಸಂದೇಹಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ. ಪಿ. ಲಂಕೇಶರು ತಮ್ಮ ಪತ್ರಿಕೆಯಲ್ಲಿ ‘ನೀಲು’ ಎಂಬ ಹೆಣ್ಣಿನ ದನಿಯಲ್ಲಿ ಪುಟ್ಟ ಪದ್ಯಗಳನ್ನು ಬರೆಯುತ್ತ ಹೋದರು. ಅವು ಓದುಗರ ಬಾಯಲ್ಲಿ ನಿಂತವು. ಬೇರೊಬ್ಬರ ಪಾಡನ್ನು ಗಮನವಿಟ್ಟು ನೋಡಬಲ್ಲವರಿಗೆ ಸ್ವಂತ ಗಾಯದ ಪ್ರಮಾಣಪತ್ರ ಬೇಕಿಲ್ಲ. ಗಾಯ ಇನ್ನೂ ಹಸಿಯಾಗಿರುವವರಿಗೆ ನನ್ನ ಸಲಹೆ ಬೇರೆ. ಈಗ ಬರೆಯಬೇಡಿ ಎಂದು ಹೇಳುವುದಿಲ್ಲ, ಬರೆಯಿರಿ, ದಿನವೂ ಬರೆಯಿರಿ, ಆದರೆ ಸಂಗತಿಗಳನ್ನು ಬರೆದಿಟ್ಟುಕೊಳ್ಳಿ. ಪ್ರಕಟಣೆಗೆ ಕಳಿಸುವುದನ್ನು ಕೆಲವು ತಿಂಗಳಾದರೂ ಮುಂದಕ್ಕೆ ಹಾಕಿ. ರಾತ್ರಿ ಹನ್ನೆರಡಕ್ಕೆ ಬರೆದದ್ದನ್ನು ಹನ್ನೆರಡೂ ಹತ್ತಕ್ಕೆ ಊರಿಗೆಲ್ಲ ತೋರಿಸುವ ಸೌಲಭ್ಯ ಇಂದು ಎಲ್ಲರ ಕೈಯಲ್ಲಿದೆ. ನೇರವಾಗಿ ಬರೆದ ನಾಲ್ಕು ಸಾಲಿಗೆ ಸಾವಿರ ಜನ ಮೆಚ್ಚುಗೆ ಒತ್ತುತ್ತಾರೆ, ಹಾಗಿರುವಾಗ ಇಷ್ಟು ಶ್ರಮ ಯಾಕೆ ಎಂದು ಕೇಳುವವರೂ ಇದ್ದಾರೆ. ಆ ಮೆಚ್ಚುಗೆಯೂ ನಿಜವಾದದ್ದೇ, ನೊಂದವರಿಗೆ ಅದರಿಂದ ಸಮಾಧಾನ ಸಿಗುವುದೂ ನಿಜ. ಆದರೆ ಅಲ್ಲಿ ಓದುಗರು ತಮ್ಮ ನೋವನ್ನು ನೆನೆದು ತಲೆದೂಗುತ್ತಿರುತ್ತಾರೆ, ಬರೆದವರ ಸಾಲನ್ನು ಮರುದಿನಕ್ಕೆ ಒಯ್ಯುವುದಿಲ್ಲ. ಮರುದಿನಕ್ಕೂ ಉಳಿಯುವ ಸಾಲು ಬೇಕೆನ್ನುವವರಿಗೆ ಬೇರೆ ದಾರಿ ಇಲ್ಲ.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದರೆ, ಬೇಂದ್ರೆಯವರು ಕನ್ನಡಕ್ಕೆ ತಂದ ಮೇಘದೂತವನ್ನು ತೆಗೆದುಕೊಂಡು ಉತ್ತರಮೇಘದ ಭಾಗವನ್ನು ಮೊದಲು ಗಟ್ಟಿಯಾಗಿ ಓದಿ, ಎಸ್.ವಿ. ಪರಮೇಶ್ವರ ಭಟ್ಟರ ಕಾಳಿದಾಸ ಸಿಕ್ಕರೆ ಅದೂ ಆದೀತು. ಆಮೇಲೆ ಯಶೋಧರ ಚರಿತೆಯನ್ನು ಗದ್ಯಾನುವಾದ ಇರುವ ಮುದ್ರಣದಲ್ಲಿ ಓದಿ, ಮೂಲದ ಕಂದಗಳನ್ನು ಬಾಯಲ್ಲಿ ಆಡಿಸಿಕೊಳ್ಳುತ್ತ. ಅಕ್ಕನ ವಚನಗಳನ್ನು ದಿನಕ್ಕೆ ಒಂದೆರಡಕ್ಕಿಂತ ಹೆಚ್ಚು ಓದಬೇಡಿ. ಓದುವಾಗ ಕೈಯಲ್ಲಿ ಪೆನ್ಸಿಲ್ ಇರಲಿ. ಮಾತಾಡುವವರು ತಮ್ಮ ಭಾವವನ್ನು ಹೆಸರಿಸುವ ಕಡೆಯೆಲ್ಲ ಒಂದು ಗೆರೆ ಎಳೆಯಿರಿ, ಬೇರೆ ಯಾವುದನ್ನೋ ನೋಡುತ್ತಿರುವ ಕಡೆಯನ್ನು ಹಾಗೆಯೇ ಬಿಡಿ. ಒಂದು ಪುಸ್ತಕಕ್ಕೆ ಹೀಗೆ ಮಾಡಿದ ಮೇಲೆ ಅದೇ ಪೆನ್ಸಿಲ್ ಹಿಡಿದು ನಿಮ್ಮ ಕರಡಿಗೆ ಬನ್ನಿ. ಗೆರೆ ಬೀಳದ ಸಾಲು ಒಂದೇ ಒಂದು ಸಿಕ್ಕರೂ ಹೊಸ ಕರಡನ್ನು ಆ ಸಾಲಿನಿಂದ ಶುರು ಮಾಡಿ.